ನಾಲ್ಕಿಂಚಿನ ಚೆಂಡು

ಚೆಂಡು ಮೆಟ್ಟಿಲ ಕಟಕಟೆಯ ಮರದ ಕಂಬಿಗಳ ನಡುವೆ ಸಲೀಸಾಗಿ ತೂರಿ ಕೆಳಗೆ ಬಿತ್ತು. ಪುಟಿಯಲಿಲ್ಲ. ಡುಬ್ ಎಂದು ಬಿದ್ದು ಅಡುಗೆಮನೆಯ ಬಾಗಿಲತನಕ ಉರುಳಿತು.

"ಫೇಲು," ಎಂದಳು ಮಾರೆನ್.

ಬಡಗಿ ವರ್ಲಿನ್ ಹೌಗ್‌ಸ್ಟಾಡ್ ತಾನೇ ಕಟ್ಟಿದ ಮೆಟ್ಟಿಲ ಮೇಲೆ ಕೂತುಬಿಟ್ಟ. ಚರ್ಚಿನ ಊಟದ ಸಭಾಂಗಣ ಈಗ ಮಹಡಿಯ ಮೇಲಿತ್ತು, ಅಲ್ಲಿಗೆ ಹೋಗಲು ಇದೊಂದೇ ದಾರಿ. ಕಟ್ಟಡ ತಪಾಸಣೆಯ ಮಾರೆನ್ ಸಹಿ ಹಾಕದಿದ್ದರೆ ಒಬ್ಬರೂ ಮೇಲೆ ಹತ್ತುವಂತಿಲ್ಲ. ಸಂಜೆಗೆ ವರ್ಷಕ್ಕೊಮ್ಮೆಯ ಮೀನೂಟ, ಮಿನೆಸೋಟಾದ ಆ ಮೂಲೆಯ ಜನವೆಲ್ಲ ಆಗಲೇ ಬಾಗಿಲ ಹೊರಗೆ ಹಿಮದಲ್ಲಿ ಸಾಲುಗಟ್ಟಿತ್ತು.

"ನಾನು ಅಳೆದೇ ಕೂರಿಸಿದ್ದು ಮೇಡಮ್."

"ಎಲ್ಲರೂ ಅಳೆದೇ ಕೂರಿಸ್ತಾರೆ. ಈ ಸಂದಿಯಲ್ಲಿ ಮಗುವಿನ ತಲೆ ಸಿಕ್ಕಿಕೊಂಡರೆ ನಿಮ್ಮ ಟೇಪು ಬಂದು ಬಿಡಿಸತ್ತಾ? ನಾಲ್ಕಿಂಚಿನ ಚೆಂಡು ತೂರಬಾರದು. ರಾಜ್ಯದ ನಿಯಮ."

"ಹೂಂ. ವಿಚಿತ್ರವಾಗಿದೆ," ಎಂದ ವರ್ಲಿನ್. ಆ ಊರಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.

ಅಡುಗೆಯ ಯಜಮಾನಿ ಯೂನಿಸ್ ಕೆಳಗಿನಿಂದ ಕೂಗಿದಳು. "ಮಾರೆನ್, ಬಾರೇ ಪುಟ್ಟಿ, ಕಾಫಿ ಕುಡಿ."

"ಬೇಡ ಯೂನಿಸಮ್ಮ. ಕೆಲಸದ ಮೇಲಿರುವಾಗ ಏನೂ ತಗೋಬಾರದು."

"ಅರ್ಧ ಲೋಟ?"

"ಬೇಡ."

"ಹಾಗಾದ್ರೆ ಒಲೆ ಹತ್ತಿರ ನಿಂತಾದ್ರೂ ಹೋಗು. ಬೆಂಕಿ ಕಾಯಬಾರದು ಅಂತಲೂ ನಿಯಮ ಇದೆಯಾ?"

ಇರಲಿಲ್ಲ. ಮಾರೆನ್ ಒಲೆಯ ಪಕ್ಕ ನಿಂತು ಫೇಲಿನ ಕೆಂಪು ಚೀಟಿ ಬರೆಯತೊಡಗಿದಳು. ಬೆರಳು ಮರಗಟ್ಟಿತ್ತು, ಪೆನ್ನಿನ ಶಾಯಿಯೂ ಹೆಪ್ಪುಗಟ್ಟಿತ್ತು. ಎರಡನ್ನೂ ಕಾಯಿಸಿ, ಅರ್ಧ ಬರೆದಿದ್ದಳಷ್ಟೆ, ಯೂನಿಸ್ ಒಲೆಯ ಮೇಲಿನ ಹಲಗೆಯಿಂದ ಚೆಂಡು ಎತ್ತಿಕೊಟ್ಟಳು.

"ತಗೋ. ಕಾಲಿಗೆ ಸಿಗತ್ತೆ ಅಂತ ಇಲ್ಲಿಟ್ಟಿದ್ದೆ. ಅಲ್ಲ ಕಣೇ, ಬಿದ್ದಾಗ ಒಣಗಿದ ನಿಂಬೆಹಣ್ಣಿನ ಹಾಗಿತ್ತು, ಈಗ ನೋಡು ಎಷ್ಟು ದುಂಡಗಾಗಿದೆ!"

ಮಾರೆನ್ ಚೆಂಡನ್ನು ಒತ್ತಿ ನೋಡಿದಳು. ಗಟ್ಟಿಯಾಗಿತ್ತು. ಮೆಟ್ಟಿಲು ಹತ್ತಿ ಅದೇ ಸಂದಿಗೆ ಹಿಡಿದಳು. ಹೋಗಲಿಲ್ಲ. ಪಕ್ಕದ್ದಕ್ಕೂ ಹೋಗಲಿಲ್ಲ. ಮೊಣಕಾಲೂರಿ ಅದುಮಿದರೂ ಇಲ್ಲ.

"ನಿಮಗೆ ಹೆದರಿ ಕಂಬಿಗಳೇ ಹತ್ತಿರ ಸರಿದವೇನೋ," ಎಂದ ವರ್ಲಿನ್.

ಅವಳು ಅವನ ಟೇಪು ಇಸಿದುಕೊಂಡು ಅಳೆದಳು. ಎಲ್ಲ ಸಂದಿಗಳೂ ನಾಲ್ಕಿಂಚಿಗೆ ಕೂದಲೆಳೆಯಷ್ಟು ಕಡಿಮೆ. ಗಾಳಿ ತುಂಬಿದ ರಬ್ಬರ್ ಚೆಂಡು. ಹಿಮ ಬೀಳಲು ಶುರುವಾದಾಗಿನಿಂದ ಅವಳ ಪಿಕಪ್ ಗಾಡಿಯ ತೆರೆದ ಬೆನ್ನಿನಲ್ಲೇ ಬಿದ್ದಿತ್ತು. ಚಳಿಗೆ ಕುಗ್ಗಿದ ಅದೇ ಚೆಂಡಿನಿಂದ ಅವಳು ಮನೆಮನೆಯ ಕಟಕಟೆಗಳನ್ನು ಫೇಲು ಮಾಡುತ್ತ ಬಂದಿದ್ದಳು.

ವರ್ಲಿನ್ ಅವಳ ಮುಖ ನೋಡಿದ. ದನಿ ತಗ್ಗಿಸಿ, "ಸಹಿ ಹಾಕಿ ಹೋಗಿಬಿಡಿ ಮೇಡಮ್. ನಾನು ಯಾರಿಗೂ ಹೇಳಲ್ಲ," ಎಂದ.

ಮಾರೆನ್ ಸಹಿ ಹಾಕಿದಳು. ಬಾಗಿಲು ತೆರೆಯಿತು, ಜನ ಒಳನುಗ್ಗಿತು. ಫೇಲಾದವರೆಲ್ಲ ಆ ಸಾಲಿನಲ್ಲೇ ಇದ್ದರು. ಅವಳು ಗೋಡೆ ಬದಿಯಿಂದ ಜಾರಿಕೊಳ್ಳಲು ನೋಡಿದಳು, ಎರಡು ಹೆಜ್ಜೆ ಹೋದಳು ಕೂಡ. ಆಮೇಲೆ ತಿರುಗಿ ಬಂದು ಕೆಳಗಿನ ಮೆಟ್ಟಿಲ ಮೇಲೆ ನಿಂತಳು.

"ಒಂದು ನಿಮಿಷ ಕೇಳಿ. ಈ ಚಳಿಗಾಲದಲ್ಲಿ ನಾನು ಫೇಲು ಮಾಡಿದ ಕಟಕಟೆಗಳು ಸರಿಯಾಗಿಯೇ ಇದ್ದಿರಬಹುದು. ಸರಿ ಇಲ್ಲದೆ ಇದ್ದದ್ದು ನನ್ನ ಚೆಂಡು. ಮತ್ತೆ ಬಂದು ನೋಡ್ತೀನಿ."

ಯಾರೋ ಕೆಮ್ಮಿದರು. ಹಾಲಿನ ಡೇರಿಯ ಓರಿನ್ ಬಾಕೆಲುಂಡ್ ಟೋಪಿ ತೆಗೆದ.

"ಅದಕ್ಯಾಕಮ್ಮಾ ಅಷ್ಟು ಬೇಜಾರು? ನಾನಂತೂ ನಮ್ಮನೇದನ್ನ ಆವತ್ತೇ ಕಿತ್ತು ಒಲೆಗೆ ಹಾಕಿದೆ. ಒಳ್ಳೇ ಓಕ್ ಮರ. ಚೆನ್ನಾಗಿ ಉರೀತು."

ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದು, "ನೀನು ಮೊದಲು ಹೋಗಮ್ಮಾ, ಹಸಿದಿರ್ತೀಯ," ಎಂದು ಅವಳನ್ನು ಮುಂದೆ ಬಿಟ್ಟರು. ಅವಳು ಮೇಲೆ ಹತ್ತಿ ಟಿಕೆಟ್ ಕೊಂಡು ತಟ್ಟೆ ಹಿಡಿದಳು.

ಮೀನು ಬಡಿಸುತ್ತಿದ್ದವಳು ಓರಿನ್‌ನ ಹೆಂಡತಿ. ಕ್ಷಾರದ ನೀರಲ್ಲಿ ನೆನೆದು ಬೆಂದ ಮೀನು ಸೌಟಿನ ಮೇಲೆ ಲೋಳೆಯಂತೆ ನಡುಗುತ್ತಿತ್ತು. ಅವಳು ನಗುನಗುತ್ತಲೇ ಒಂದು ಸೌಟು ಹಾಕಿದಳು. ಮಾರೆನ್ ಸಾಕೆಂದಳು. ಇನ್ನೊಂದು ಹಾಕಿದಳು. ಮತ್ತೂ ಒಂದು.

"ಏನೂ ಬಿಡಬಾರದು ಕಣಮ್ಮಾ," ಎಂದಳು, "ನಾನು ಇಲ್ಲೇ ನಿಂತು ನೋಡ್ತಿರ್ತೀನಿ."