ತಮ್ಮನ ಬಾಗಿಲು

ನಗರಸಭೆಯಿಂದ ಬಂದ ಎರಡು ನೋಟಿಸುಗಳನ್ನು ಪಕ್ಕಪಕ್ಕ ಇಟ್ಟು ಬಡಗಿ ಮೂರನೆಯ ಸಲ ಓದಿದ. ತಮ್ಮನದೂ ತಪ್ಪಿ ಇವನ ಮನೆಗೇ ಬಂದಿತ್ತು. ತೆರಿಗೆ ಇಬ್ಬರಿಗೂ ಏರಿತ್ತು, ಅದು ಊರಿಗೆಲ್ಲ ಏರಿದ್ದೇ. ಆದರೆ ತಮ್ಮನ ಮನೆಯ ಬೆಲೆ ತನ್ನದಕ್ಕಿಂತ ಕಾಲುಭಾಗ ಹೆಚ್ಚು ಎಂದು ಬರೆದದ್ದು ಅವನ ಹೊಟ್ಟೆಗೆ ಬೆಂಕಿ ಇಟ್ಟಿತು. ಅಪ್ಪನ ಒಂದೇ ಮನೆ, ನಡುವೆ ಗೋಡೆ ಎದ್ದು ಎರಡಾಗಿತ್ತು. ಒಂದು ಬೆರಳೂ ಹೆಚ್ಚುಕಡಿಮೆ ಇರಲಿಲ್ಲ. ಪಾಲು ಮಾಡುವಾಗ ಅಳೆದವನು ಇವನೇ.

ತಮ್ಮನ ನೋಟಿಸನ್ನು ಹೆಂಡತಿಯ ಕೈಲಿ ಆಚೆಮನೆಗೆ ಕಳಿಸಿ, ತನ್ನದನ್ನು ಹಿಡಿದು ಹೊರಟ. "ಕಡಿಮೆ ಬಂತು ಅಂತ ಜಗಳಕ್ಕೆ ಹೋಗೋರನ್ನ ಇವತ್ತೇ ನೋಡಿದ್ದು," ಎಂದಳು ಅವಳು. ಅವಳಿಗೇನು ಗೊತ್ತು? ಓದು ತಮ್ಮನಿಗೆ, ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಅವನಿಗೆ, ಅಮ್ಮನ ಮುದ್ದೂ ಅವನಿಗೇ. ಈಗ ಗೋಡೆಗಳೂ ಅವನ ಕಡೆ ಸೇರಿದವಲ್ಲ ಎಂದು ದಾರಿಯುದ್ದಕ್ಕೂ ಕುದಿದ.

ಸಾಲಿನಲ್ಲಿ ನಿಂತವರೆಲ್ಲ ಇಳಿಸಿ ಎಂದು ಬೇಡುತ್ತಿದ್ದರು. ಇವನು ಏರಿಸಿ ಎಂದಾಗ ಗುಮಾಸ್ತ ಕನ್ನಡಕ ತೆಗೆದು ನೋಡಿದ. ಕಡತ ತಿರುವಿ ಓದಿ ಹೇಳಿದ: ತಾರಸಿ ಸಮ, ನೆಲ ಸಮ. ವ್ಯತ್ಯಾಸವೆಲ್ಲ ಬಾಗಿಲು ಕಿಟಕಿಗಳದು. ಆಚೆಯವು ತೇಗ, ಕೆತ್ತನೆಯವು, ಇವನವು ತಗಡು.

"ಅವನ್ನ ಮಾಡಿದ್ದು ನಾನೇ," ಎಂದ ಬಡಗಿ.

"ಮಾಡಿದವರಿಗಲ್ಲ ಸ್ವಾಮಿ, ಹಾಕಿಸ್ಕೊಂಡವರಿಗೆ ಬೆಲೆ."

ತಮ್ಮನ ಮದುವೆಗೆಂದು ನಾಲ್ಕು ತಿಂಗಳು ಕೂತು ಮಾಡಿಕೊಟ್ಟಿದ್ದ. ತನ್ನ ಮನೆಗೂ ಬರುವ ವರ್ಷ ಮಾಡಿದರಾಯಿತು ಅಂದುಕೊಂಡಿದ್ದ. ಆ ಬರುವ ವರ್ಷಕ್ಕೆ ಈಗ ಹನ್ನೊಂದು ವರ್ಷ. ಅರ್ಜಿ ಕೊಡದೆ ವಾಪಸು ಬಂದ.

ತಮ್ಮ ಬಾಗಿಲ ಮುಂದೆ ಬೂದು ಬಣ್ಣದ ಡಬ್ಬಿ ತೆರೆದು ಕೂತಿದ್ದ. ಕೆಳಗಿನ ಹಲಗೆ ಆಗಲೇ ಬೂದಾಗಿತ್ತು.

"ಬಣ್ಣ ಬಳಿದ್ರೆ ಸಾದಾ ಮರ ಅಂತ ಬರ್ಕೋತಾರಂತೆ. ಆಮೇಲೆ ಮತ್ತೆ ನೋಡಿ ಅಂತ ಅರ್ಜಿ ಹಾಕ್ತೀನಿ. ನಿಂದೂ ನಂದೂ ಒಂದೇ ಆಗತ್ತೆ ಅಣ್ಣ."

ಬೆಳಗ್ಗೆಯಿಂದ ಬಡಗಿ ಬಯಸಿದ್ದೂ ಅದನ್ನೇ. ಕುಂಚ ಬಳ್ಳಿಯ ಕೆತ್ತನೆಗೆ ಏರಿತು. ಮೂರನೆಯ ಎಲೆಯ ಹತ್ತಿರ ಅಂದು ಉಳಿ ಜಾರಿದ್ದನ್ನು ಬಡಗಿ ಒಂದು ಮೊಗ್ಗು ಕೆತ್ತಿ ಮರೆಮಾಡಿದ್ದ. ಅದು ಇವತ್ತಿನವರೆಗೂ ಯಾರಿಗೂ ಗೊತ್ತಾಗಿರಲಿಲ್ಲ. ಮೊಗ್ಗಿನ ಅರ್ಧ ಬೂದಾಯಿತು.

"ಕೊಡಿಲ್ಲಿ ಕುಂಚ."

ಅಣ್ಣ ಕೈಜೋಡಿಸಲು ಬಂದನೆಂದು ತಮ್ಮ ಸರಿದು ಜಾಗ ಬಿಟ್ಟ. ಬಡಗಿ ಕುಂಚವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ.

"ಮತ್ತೆ ತೆರಿಗೆ?"

"ಕಟ್ಟು. ನಿನ್ನ ಮನೆ ನನ್ನದಕ್ಕಿಂತ ಹೆಚ್ಚಿಂದೇ."

ಹೇಳುವಾಗಲೂ ಹೊಟ್ಟೆ ಉರಿಯುತ್ತಲೇ ಇತ್ತು. ತನ್ನ ತಗಡಿನ ಬಾಗಿಲಿಗೆ ಬೆನ್ನು ಹಾಕಿ ತಮ್ಮನ ಹೊಸ್ತಿಲ ಮೇಲೆ ಕೂತು, ಅಂಗಿಯ ಚುಂಗಿನಿಂದ ಹಸಿ ಬಣ್ಣ ಒರೆಸಿದ. ಮೊಗ್ಗಿನ ಸಂದಿಯಲ್ಲಿ ಉಳಿದದ್ದನ್ನು ಉಗುರಿನಿಂದ ಕೆರೆಯತೊಡಗಿದ.