ಮುಚ್ಚಳವಿಲ್ಲದ ಯಂತ್ರ

"ನಿಮ್ ಕೆಂಪು ಸರ್ಕಾರ ಮಣ್ಣು ಮುಕ್ಕಿದ್ದು ಇದಕ್ಕೇ! ಬಿಟ್ಟಿ ತಿಂದು ಮೈ ಬೆಳೆಸ್ಕೊಂಡ್ರಿ, ಕೆಲಸ ಕಲೀಲಿಲ್ಲ."

ಲೈನ್ ಮೇಲ್ವಿಚಾರಕ ಶಿವಕುಮಾರ ಇದನ್ನು ಎಲ್ಸಾಳಿಗೆ ಜಪಾನಿ ಭಾಷೆಯಲ್ಲಿ ಅಂದವನು, ಅದೇ ಲೈನಿನ ಗುತ್ತಿಗೆ ಕೆಲಸಗಾರ್ತಿ ಕಾತ್ಯಾಯಿನಿಯೂ ನಗಲೆಂದು ಕನ್ನಡದಲ್ಲಿ ಇನ್ನೊಮ್ಮೆ ಅಂದ. ನಗೋಯಾ ಪಕ್ಕದ ಬ್ಯಾಟರಿ ಕಾರ್ಖಾನೆಯ ಊಟದ ಕೋಣೆ ಅದು. ಎಲ್ಸಾ ಬೊಲಿವಿಯಾದವಳು, ಅಜ್ಜ ಜಪಾನಿನವನು. ನಿನ್ನೆ ಯಂತ್ರ ಅವಳ ಎರಡು ಬೆರಳು ಕಚ್ಚಿತ್ತು. ಕಾತ್ಯಾಯಿನಿ ನಗಲಿಲ್ಲ, ಚಿತ್ರಾನ್ನವನ್ನು ಚಮಚದಲ್ಲಿ ಅವಳ ಬಾಯಿಗಿಡುತ್ತಿದ್ದಳು.

ಎಲ್ಸಾ ನುಂಗಿ ಹೇಳಿದಳು: "ನೆಲದಡಿಯ ಗ್ಯಾಸ್ ಮಾರಿದ ದುಡ್ಡಲ್ಲಿ ನಮ್ಮಮ್ಮನಿಗೆ ಪಿಂಚಣಿ ಬಂತು. ಗ್ಯಾಸ್ ಬತ್ತಿತು. ನಮ್ಮ ಸರ್ಕಾರದವರು ಬೇರೇನೂ ಕಟ್ಟಿರ್ಲಿಲ್ಲ, ಅವರವರೇ ಕಚ್ಚಾಡಿದ್ರು. ಡೀಸೆಲ್ಲಿಗೆ ಕ್ಯೂ ನಿಂತೂ ನಿಂತೂ ನನ್ನ ತಮ್ಮನೇ ಅವರನ್ನ ಸೋಲಿಸೋಕೆ ಓಟು ಹಾಕಿದ. ಆದ್ರೆ ಬಿಟ್ಟಿ ಅನ್ಬೇಡ. ನೆಲ ನಮ್ದು."

ಊಟ ಮುಗಿದ ಮೇಲೆ ಶಿವಕುಮಾರ ಕಾತ್ಯಾಯಿನಿಯನ್ನು ಪಕ್ಕಕ್ಕೆ ಕರೆದ.

"ನೋಡಿ ಮೇಡಂ, ನಾಳೆ ಬೆಳಿಗ್ಗೆ ಸಭೇಲಿ ಆ್ಯಕ್ಸಿಡೆಂಟ್ ವಿಷ್ಯ ಬರತ್ತೆ. ಕೈಗೆ ಏಟಾಗದಿರ್ಲಿ ಅಂತ ಯಂತ್ರಕ್ಕೆ ಹಾಕಿದ್ದ ಮುಚ್ಚಳ ತೆಗ್ದಿದ್ದು ಎಲ್ಸಾನೇ ಅನ್ನಿ, ಸಿಂಪಲ್."

"ಕೆಲಸ ಬೇಗ ಆಗ್ಲಿ ಅಂತ ತೆಗೆಸಿದ್ದು ನೀವಲ್ವಾ?"

"ನಿಮ್ಮ ಕಾಂಟ್ರಾಕ್ಟು ಮುಂದುವರಿಯೋದು ಬೇಡ್ವಾ? ಮಗಳು ದೀಕ್ಷಾ ಸ್ಕೂಲ್ ಇದೆ ತಾನೆ?"

ಇತ್ತು. ಇಲ್ಲಿಗೆ ಓದಲು ಬಂದಿದ್ದ ಗಂಡ ಅಶೋಕನ ವಿದ್ಯಾರ್ಥಿವೇತನ ನಿಂತ ಮೇಲೆ ಮನೆಯ ಒಲೆ ಉರಿಯುತ್ತಿದ್ದುದು ಇವಳ ಸಂಬಳದಿಂದಲೇ.

ಮರುದಿನ ಬೆಳಿಗ್ಗೆ ಸಭೆಗೆ ಎಲ್ಲರೂ ಸಾಲಾಗಿ ನಿಂತರು. ಅಲ್ಲಿನ ರೂಢಿಯಂತೆ, ಗಾಯಗೊಂಡವಳೇ ಮೊದಲು ಸೊಂಟ ಬಗ್ಗಿಸಿ ಎಲ್ಲರ ಕ್ಷಮೆ ಕೇಳಬೇಕು. ಬ್ಯಾಂಡೇಜಿನ ಕೈ ತೊಡೆಗೊತ್ತಿಕೊಂಡು ಎಲ್ಸಾ ಬಾಗಿದಳು. ಆ ಬಾಗಿದ ಬೆನ್ನು ನೋಡುತ್ತಲೇ ಕಾತ್ಯಾಯಿನಿ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು.

"ಮುಚ್ಚಳ ತೆಗೆಸಿದ್ದು ಶಿವಕುಮಾರ್ ಸಾನ್," ಎಂದಳು, ಅಲ್ಲಿನವರಂತೆ ಹೆಸರಿಗೆ ಗೌರವದ 'ಸಾನ್' ಸೇರಿಸಿಯೇ.

ಕಾರ್ಖಾನೆಯ ಮುಖ್ಯಸ್ಥ ಮುರಾತಾ ಸಾನ್ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡ. "ಕಷ್ಟದ ವಿಷಯ. ಆಮೇಲೆ ಮಾತಾಡೋಣ." ಎಲ್ಸಾಳನ್ನು ಮನೆಗೆ ಕಳುಹಿಸಿದರು. ಗಂಟೆ ಹೊಡೆಯಿತು, ಯಂತ್ರಗಳು ಶುರುವಾದವು.

ಎಲ್ಸಾಳ ಜಾಗದಲ್ಲಿ ವಿಯೆಟ್ನಾಮಿನ ಹೊಸ ಹುಡುಗಿ ನಿಂತಿದ್ದಳು. ಮುಚ್ಚಳ ಇನ್ನೂ ಹಾಕಿರಲಿಲ್ಲ.

"ಮುಚ್ಚಳ ಹಾಕ್ಸಿ," ಎಂದಳು ಕಾತ್ಯಾಯಿನಿ.

"ಮುಚ್ಕೊಂಡ್ ಕೆಲಸ ಮಾಡೇ, ಲೌಡಿ," ಎಂದ ಶಿವಕುಮಾರ ಅವಳ ಕಿವಿಯ ಹತ್ತಿರ. "ನಾಳೆಯಿಂದ ಬರ್ಬೇಡ."

"ನಾಳೆ ಬರಲ್ಲ ಕಣೋ. ಇವತ್ತು ಇದೀನಿ."

ಲೈನ್ ನಿಲ್ಲಿಸುವ ಹಳದಿ ಹಗ್ಗ ತಲೆಯ ಮೇಲೆ ತೂಗುತ್ತಿತ್ತು. ಯಾರು ಬೇಕಾದರೂ ಎಳೆಯಬಹುದೆಂದು ಗೋಡೆಯ ಮೇಲೆ ಬರೆದಿತ್ತು; ಗುತ್ತಿಗೆಯವರು ಯಾರೂ ಎಳೆದವರಲ್ಲ. ಕಾತ್ಯಾಯಿನಿ ಜೋತುಬಿದ್ದು ಎಳೆದಳು. ಇಡೀ ಲೈನು ಗಕ್ಕನೆ ನಿಂತು, ಲೈನ್ ನಿಂತಿದೆಯೆಂದು ಸಾರುವ ಮಕ್ಕಳ ಹಾಡಿನ ರಾಗವೊಂದು ಮೊಳಗತೊಡಗಿತು. ಹುಡುಗಿ ಯಂತ್ರದೊಳಗಿದ್ದ ಕೈಯನ್ನು ಮೆಲ್ಲಗೆ ಹೊರಗೆಳೆದುಕೊಂಡಳು.

ಲೈನ್ ಮತ್ತೆ ಓಡಿಸಲೆಂದು ಶಿವಕುಮಾರ ಹಗ್ಗಕ್ಕೆ ಕೈ ಹಾಕಿದ. ಕಾತ್ಯಾಯಿನಿ ಅದನ್ನು ಮಣಿಕಟ್ಟಿಗೆ ಒಂದು ಸುತ್ತು ಬಿಗಿದುಕೊಂಡಳು.