ಅಂಗೈಯ ತಿಂಡಿ

೧

ಈ ಕತೆಯನ್ನು ಯಕೃತ್ತಿನಿಂದ ಶುರು ಮಾಡಲೋ ದೇವವ್ವನಿಂದಲೋ ಎಂದು ಮೂರು ದಿನ ತಿಣುಕಿದೆ. ಮೊದಲ ಡ್ರಾಫ್ಟು ಹೀಗಿತ್ತು: ‘ಸ್ಟೀರಾಯ್ಡ್ ಹಾರ್ಮೋನುಗಳು ಯಕೃತ್ತಿನ ಜೀವಕೋಶಗಳನ್ನು ಹೊಕ್ಕು, ಅಲ್ಲಿನ ರಿಸೆಪ್ಟರುಗಳನ್ನು...’ ಅಷ್ಟನ್ನು ಓದಿ ದೇವವ್ವ ತಲೆಯೆತ್ತಿದಳು. (ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನನ್ನ ಕತೆಯೊಳಗೆ ಇರುವುದರಿಂದ ಓದುತ್ತಾಳೆ, ಅಷ್ಟೆ.)

“ಇದು ಯಾರ ಕತಿ?”

“ನಿಂದೇ.”

“ಮತ್ತ ನಾ ಎಲ್ಲಿದೀನಿ?”

ಆ ಹಾಳೆ ಹರಿದು ಹಾಕಿದೆ.

೨

ಬೆಟಗೇರಿಯ ನೇಕಾರರ ಓಣಿ, ೧೯೫೬ರ ಮಳೆಗಾಲದ ಕೊನೆ. ಸೀರೆ ನೇಯುವ ಪ್ರಲ್ಹಾದನ ಹೆಂಡತಿ ದೇವವ್ವ. ಮಗ್ಗದ ಮೇಲೆ ಹರಿದ ಎಳೆ ಹುಡುಕಿ ಗಂಟು ಹಾಕುವುದರಲ್ಲಿ ಅವಳ ಬೆರಳಿಗೆ ಸಮನಾದ ಬೆರಳು ಓಣಿಯಲ್ಲಿರಲಿಲ್ಲ. ಹೊಟ್ಟೆಯಲ್ಲಿ ಎಂಟು ತಿಂಗಳು ತುಂಬುತ್ತ ಬಂದಿತ್ತು. ಒಂದು ಸಂಜೆ ಅಂಗೈಗೆ ತಿಂಡಿ ಹತ್ತಿತು. (ಬೆಂಗಳೂರಿನ ಓದುಗರೇ, ಇದು ಉಪ್ಪಿಟ್ಟಲ್ಲ, ತುರಿಕೆ.) ಮರುದಿನ ಅಂಗಾಲು. ಗುಳ್ಳೆಯಿಲ್ಲ, ಕೆಂಪಿಲ್ಲ. ಉಗುರು ತಲುಪದ ಯಾವುದೋ ಆಳದಿಂದ ಏಳುವ ತುರಿಕೆ.

ಅತ್ತೆ ಬನಶಂಕರೆವ್ವ, “ನೂಲಿನ ಗಂಜಿ ಹತ್ತಿರಬೇಕ, ಬೇವಿನ ನೀರಾಗ ಕೈ ತೊಳಕೋ” ಎಂದಳು. ದೇವವ್ವ ಮಗ್ಗದ ಹಲಗೆಯ ಅಂಚಿಗೆ ಅಂಗೈ ತಿಕ್ಕುತ್ತ ಸುಮ್ಮನೆ ನಕ್ಕಳು.

೩ (ಇದು ೧ ಆಗಬೇಕಿತ್ತು. ತಪ್ಪು ನನ್ನದು.)

ಅವಳು ನಕ್ಕದ್ದೇಕೆ ಎಂದು ಹೇಳಲು ಒಂಬತ್ತು ವರ್ಷ ಹಿಂದೆ ಹೋಗಬೇಕು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಅವಳ ತವರು ಲಕ್ಷ್ಮೇಶ್ವರ ಮಾತ್ರ ಇನ್ನೂ ಸಂಸ್ಥಾನದ ಊರು. ಚೊಚ್ಚಲ ಹೆರಿಗೆಗೆ ಅಲ್ಲಿಗೆ ಹೋಗಿದ್ದಳು. ಎಂಟು ತುಂಬುವಾಗ ಇದೇ ತಿಂಡಿ. ಒಂಬತ್ತರಲ್ಲಿ ಒಂದು ಮುಂಜಾನೆ ಕೂಸು ಮಿಸುಕಾಡುವುದನ್ನು ನಿಲ್ಲಿಸಿತು. ಗಂಡು. ಹೆತ್ತ ಎರಡು ದಿನಕ್ಕೆ ತಿಂಡಿಯೂ ನಿಂತಿತು. ೧೯೫೨ರಲ್ಲಿ ಮತ್ತೆ ಹಾಗೇ, ಬೆಟಗೇರಿಯಲ್ಲೇ. ಹೆಣ್ಣು.

ಎರಡನೆಯದರ ನಂತರ ಅವಳು ಅಂಗೈ ಬಿಚ್ಚಿ ನೋಡುತ್ತ ಕೂರುವುದು ಶುರುವಾಯಿತು. ತಣ್ಣಗಿದ್ದವು. ಯಾರೂ ಇಲ್ಲದಾಗ ಗೋಣಿಚೀಲಕ್ಕೆ ಕೈ ತಿಕ್ಕಿ ನೋಡುತ್ತಿದ್ದಳು. ಉರಿ ಬರುತ್ತಿತ್ತು, ಆ ತಿಂಡಿ ಬರುತ್ತಿರಲಿಲ್ಲ. ನಾಲ್ಕು ವರ್ಷ ಅವಳು ಹಂಬಲಿಸಿದ್ದು ಅದಕ್ಕೆ. ಕೂಸು ಇದ್ದಷ್ಟು ದಿನ ಅದೂ ಇರುತ್ತಿತ್ತಲ್ಲ.

(“ಇಷ್ಟೆಲ್ಲಾ ಯಾಕ ಬರದಿ? ಗೋಣಿಚೀಲದ್ದು ನಾ ಯಾರಿಗೂ ಹೇಳಿದ್ದಿಲ್ಲ” ಎಂದು ದೇವವ್ವ ಸಿಟ್ಟಾದಳು. ಅಳಿಸಲೇ ಎಂದೆ. “ಇರಲಿ” ಎಂದಳು.)

೪

ಸೂಲಗಿತ್ತಿ ಮಾಸುಮಬಿ ಬಂದವಳು ಹೊಟ್ಟೆ ಮುಟ್ಟುವ ಮೊದಲು ದೇವವ್ವನ ಕಣ್ಣರೆಪ್ಪೆ ಎಳೆದು ನೋಡಿದಳು. ಬಿಳಿಯಲ್ಲಿ ಅರಿಶಿನ ಕದಡಿದಂತಿತ್ತು.

“ಹರ್ತಿಯೊಳಗ ಒಬ್ಬಾಕಿನ್ನ ನೋಡೀನಿ, ಶಿರಹಟ್ಟಿಯೊಳಗ ಒಬ್ಬಾಕಿನ್ನ. ಹಿಂಗ ಅಂಗೈ ತಿಂಡಿ ಆದಾವ್ರ ಕೂಸು ಕಡೀ ತಿಂಗಳದಾಗ ಒಳಗ ತಣ್ಣಗಾಗ್ತಾವ” ಎಂದಳು. “ನನ್ನ ಕೈಲೆ ಆಗೂದಲ್ಲ ಇದು. ಗದಗಿನ ದವಾಖಾನಿಗೆ ನಡಿ.”

“ತಿಂಡಿ ಹೋಗೂ ಔಷಧ ಕೊಡ್ತಾರೇನು?”

“ಕೊಡಬಹುದು.”

“ಹಂಗಾದ್ರ ನಾ ಬರೂದಿಲ್ಲ.”

ಆದರೂ ಮಾಸುಮಬಿ ಬಿಡಲಿಲ್ಲ. ಮರುದಿನ ಟಾಂಗಾ ತರಿಸಿ, ಗಂಡ, ಅತ್ತೆಯೊಂದಿಗೆ ಅವಳನ್ನೂ ಹತ್ತಿಸಿದಳು.

೫

ಡಾಕ್ಟರಬಾಯಿ ಹೊಸಬರು, ಮಾತು ಕಮ್ಮಿ. ಹಿಂದಿನ ಎರಡು ಬಸಿರಿನ ಕತೆಯನ್ನು ಎರಡೆರಡು ಸಲ ಕೇಳಿದರು. “ನಿನ್ನ ಲಿವರಿನಿಂದ ಪಿತ್ತ ಕೆಳಗಿಳೀಲಾರದ ರಕ್ತಕ್ಕ ಹೊಂಟದ. ಬಸರಿನಿಂದನ ಆಗ್ತದ ಇದು. ಹ್ಯಾಂಗ ಅನ್ನೂದು ನನಗೂ ತಿಳಿದಿಲ್ಲ” ಎಂದರು.

(ನನಗೆ ತಿಳಿದಿದೆ, ಸುಮಾರಾಗಿ. ಅವರಿಗಿಂತ ಎಷ್ಟೋ ವರ್ಷ ತಡವಾಗಿ ಬರೆಯುತ್ತಿದ್ದೇನೆ, ನನ್ನ ಹೆಚ್ಚುಗಾರಿಕೆ ಅಷ್ಟೇ. ಕೂಸಿನ ಮಾಸು, ಅಂದರೆ ಪ್ಲಾಸೆಂಟಾ, ಈಸ್ಟ್ರೊಜನ್, ಪ್ರೊಜೆಸ್ಟರೋನ್ ಎಂಬ ಸ್ಟೀರಾಯ್ಡ್ ಹಾರ್ಮೋನುಗಳನ್ನು ತಾಯಿಯ ರಕ್ತಕ್ಕೆ ಸುರಿಯುತ್ತದೆ. ಯಕೃತ್ತಿನ ಜೀವಕೋಶದೊಳಗೆ ಅವನ್ನು ಬರಮಾಡಿಕೊಳ್ಳುವ ರಿಸೆಪ್ಟರುಗಳಿವೆ. ಇವು ಹೋಗಿ ಅಲ್ಲಿ ಕೂತವೆಂದರೆ ಯಾವ ಪ್ರೋಟೀನು ಎಷ್ಟು ತಯಾರಾಗಬೇಕೆಂಬ ಹುಕುಂ ಬದಲಾಗುತ್ತದೆ. ಪಿತ್ತವನ್ನು ಹೊರದಬ್ಬುವ ಪಂಪು ನಿಧಾನವಾಗುತ್ತದೆ. ಪಿತ್ತಾಮ್ಲ ತಯಾರಿಸುವ ಎಂಜೈಮಿಗೆ ‘ಇನ್ನು ಸಾಕು’ ಎಂದು ಹೇಳಬೇಕಾದ ಇನ್ನೊಂದು ರಿಸೆಪ್ಟರಿಗೆ ಕಿವಿ ಮಂದವಾಗುತ್ತದೆ. ಎಂಜೈಮು ದುಡಿಯುತ್ತಲೇ ಇರುತ್ತದೆ, ತುಂಬಿದ್ದು ರಕ್ತಕ್ಕೆ ಹೊರಳುತ್ತದೆ. ಚರ್ಮಕ್ಕೆ ತಿಂಡಿ, ಕೂಸಿಗೆ ಅಪಾಯ. ಎಲ್ಲ ಬಸುರಿಯರಿಗೂ ಹೀಗಾಗುವುದಿಲ್ಲ. ಕೆಲವರ ಯಕೃತ್ತು ಹಾರ್ಮೋನಿನ ಮಾತಿಗೆ ಬಲು ಬೇಗ ಬಗ್ಗುತ್ತದೆ.

“ಅಂದ್ರ ತಿಂಡಿ ಖರೇನ ಕೂಸಿನ ಕಡಿಂದ ಬರೂದು?” ದೇವವ್ವ ನನ್ನನ್ನು ಕೇಳಿದಳು.

ಮಾಸು ಕೂಸಿನ ಕಡೆಯದೇ. ಹೌದೆಂದೆ.

“ಹಂಗಾದ್ರ ನಾ ಹುಚ್ಚಿ ಅಲ್ಲ.”)

ಡಾಕ್ಟರಬಾಯಿ ಹೇಳಿದರು: “ದಿನಾ ತುಂಬಾಕ ಬಿಡೂದು ಬ್ಯಾಡ. ಮೂರು ವಾರ ಮೊದಲ ಹೆರಿಗಿ ಮಾಡಿಸೂಣು. ಕೂಸು ಸಣ್ಣದಿರ್ತದ. ಉಳದ ಉಳೀತದ ಅಂತ ನಾ ಹೇಳೂದಿಲ್ಲ.”

ಬನಶಂಕರೆವ್ವ ಕುರ್ಚಿಯಿಂದೆದ್ದಳು. “ತುಂಬಲಾರದ ಕೂಸನ್ನ ಎಳದ ತಗೀತೀರೇನ್ರಿ?” ಏಕೀಕರಣದ ಸಭೆಗಳಲ್ಲಿ ಗಟ್ಟಿ ದನಿಯ ಪ್ರಲ್ಹಾದ ಇಲ್ಲಿ ಟೊಪ್ಪಿಗೆ ತಿರುವುತ್ತ ನಿಂತ. “ದೇವೀ, ನೀ ಹೇಳಿದಂಗ” ಎಂದ.

ದೇವವ್ವ ಮಾಸುಮಬಿಯೊಂದಿಗೆ ಪಡಸಾಲೆಗೆ ಬಂದಳು.

“ಒಳಗಿದ್ರ ಇನ್ನಾ ಇಪ್ಪತ್ತು ದಿನ ನನ್ನ ಕೂಡ ಇರತೈತಿ ಚಾಚೀ.”

“ಇರಬಹುದು.”

“ಇಪ್ಪತ್ತೊಂದನೇ ದಿನಾ?”

ಮಾಸುಮಬಿ ಅವಳ ಎರಡೂ ಅಂಗೈ ಹಿಡಿದು ತನ್ನ ಒರಟು ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕಿದಳು. ಹೊಟ್ಟೆಯೊಳಗೆ ಕೂಸು ಒಮ್ಮೆ ಒದೆಯಿತು. ದೇವವ್ವ ಎದ್ದು ಒಳಗೆ ಹೋಗಿ, “ತಗೀರಿ” ಎಂದಳು.

೬, ರದ್ದಾದ ಅಂತ್ಯಗಳು

ಅ) ಕೂಸು ನವೆಂಬರ್ ಒಂದರಂದು, ನಾಡು ಒಂದಾದ ದಿನವೇ ಹುಟ್ಟುತ್ತದೆ. ಪ್ರಲ್ಹಾದನಿಗೆ ಬಹಳ ಹಿಡಿಸಿತು. ದೇವವ್ವ ಹೇಳಿದಳು: “ನಿನ್ನ ತಾರೀಖು ಕೂಡಸಾಕ ನಾ ಮೂರು ವಾರ ತಡಕೋಬೇಕೇನು? ಕೂಸು ಸತ್ತ ಹೋಗತೈತಿ.”

ಆ) ಈ ಕೂಸೂ ಉಳಿಯುವುದಿಲ್ಲ. (ವಿಮರ್ಶಕರು ಮೆಚ್ಚುತ್ತಾರೆ.) ದೇವವ್ವ ನನ್ನ ಕಡೆ ನೋಡಿದಳು. ಬರೆದ ಸಾಲಿನ ಮೇಲೆ ಮಸಿ ಚೆಲ್ಲಿದೆ.

೭

ಆದದ್ದು ಇಷ್ಟು. ಅಕ್ಟೋಬರ್ ಎರಡನೇ ವಾರ, ಹದಿನಾಲ್ಕು ತಾಸಿನ ನೋವಿನ ಮೇಲೆ ಹೆಣ್ಣು ಕೂಸು ಹುಟ್ಟಿತು. ಐದು ಪೌಂಡಿಗೂ ಕಮ್ಮಿ. ಅಳು ಬಾಗಿಲಾಚೆಗೆ ಕೇಳಿಸಲಿಲ್ಲ. ಮೊಲೆ ಹಿಡಿಯುವ ಬಲವಿಲ್ಲದೆ ಎರಡು ದಿನ ಹಿಂಡಿದ ಹಾಲಿನಲ್ಲಿ ಅರಳೆ ಅದ್ದಿ ಬಾಯಿಗೆ ಬಿಟ್ಟರು. ಬನಶಂಕರೆವ್ವ ಒಬ್ಬರ ಮೇಲೂ ತಪ್ಪು ಹೊರಿಸದೆ ಅರಳೆ ಹಿಂಜುತ್ತ ಕೂತಳು.

ಮೂರನೇ ದಿನ ಮಧ್ಯಾಹ್ನ ದೇವವ್ವನ ತಿಂಡಿ ನಿಂತಿತು.

ಹಿಂದೆ ಎರಡು ಸಲ ಹೀಗೆ ನಿಂತಾಗ ಕೂಸು ಇರಲಿಲ್ಲವೆಂದು ಅವಳ ಅಂಗೈಗಳಿಗೆ ನೆನಪಿತ್ತು. “ಉಸರೈತೇನು ನೋಡು ಚಾಚೀ. ನನ್ನ ಕೈ ತಣ್ಣಗಾದವು, ನಾ ನೋಡೂದಿಲ್ಲ” ಎಂದು ಗೋಡೆಯ ಕಡೆ ಹೊರಳಿದಳು. ಮಾಸುಮಬಿ ಕೂಸನ್ನು ತಂದು ಅವಳ ಎದೆಗಿಟ್ಟಳು. ಕೂಸು ತಡಕಾಡಿತು, ಜಾರಿತು, ಮತ್ತೆ ತಡಕಾಡಿ ಹಿಡಿಯಿತು.

೮

ಇಲ್ಲಿಗೆ ಮುಗಿಸಬಹುದಿತ್ತು. ದೇವವ್ವ ಬಿಡಲಿಲ್ಲ.

“ಮುಂದ ಇಕಿಗೂ ಹಿಂಗಾಗತೈತೇನು?”

“ಆಗಬಹುದು. ಒಂದೊಂದು ಮನಿತನದಾಗ ಇಳದು ಬರತೈತಿ.”

“ಆವಾಗ ಇಕಿಗೆ ಹೇಳಾವ್ರು ಯಾರು?”

ಆ ಪ್ರಶ್ನೆಗೆ ನಾನು ಮೂರು ಉತ್ತರ ಬರೆದೆ, ಮೂರೂ ಸುಳ್ಳೆನಿಸಿದವು. ಅಷ್ಟರಲ್ಲಿ ಅವಳು ನನ್ನನ್ನು ಬಿಟ್ಟು ಕೂಸಿನ ಕಡೆ ಬಾಗಿದ್ದಳು. ಒಂಬತ್ತು ವರ್ಷದಲ್ಲಿ ತಾನಾಗಿ ಯಾರೆದುರೂ ಆಡದ ಮಾತೊಂದನ್ನು ಸಣ್ಣ ದನಿಯಲ್ಲಿ ತೆಗೆದಳು.

“ಕೇಳು ನನ್ನವ್ವಾ. ನಿನಗ ಒಬ್ಬ ಅಣ್ಣ ಇದ್ದ. ಒಬ್ಬಾಕಿ ಅಕ್ಕ ಇದ್ದಳು...”

ಮುಂದಿನದು ಅವರಿಬ್ಬರ ಮಾತು. ನನಗೆ ಕೇಳಿಸುವಷ್ಟು ಗಟ್ಟಿಯಾಗಿ ಅವಳು ಹೇಳುತ್ತಿಲ್ಲ.